ಡೊಮೇನ್ ನಿಮ್ಮ ಹೆಸರಲ್ಲೇ ಇರಲಿ

ಸೋಂಪುರ ಹೋಬಳಿಯ ಹುಡುಗರು ಶಿವಗಂಗೆ ಬೆಟ್ಟದ ಬಗ್ಗೆ ನಾಲ್ಕು ಪುಟ ಬರೆದು ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆ ಇಡಬಹುದು. ದುಡ್ಡು ಬೇಕಾಗುವುದು ಸ್ವಂತ ಡೊಮೇನ್‌ಗೆ. ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಸಿಗುತ್ತದೆ, ನೋಡಿ.

ಮೊದಲು ಪೇಜಸ್ ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ಬರೆಯಿರಿ, ಆಮೇಲೆ ಡೊಮೇನ್ ಮಾರಿದವರ ಬಳಿಯ ಡಿಎನ್‌ಎಸ್ ಸೆಟ್ಟಿಂಗ್ಸ್‌ಗೆ ಕೈ ಹಾಕಿ. ಉಲ್ಟಾ ಮಾಡಿದರೆ ನಿಮ್ಮ ಹೆಸರಲ್ಲಿ ಬೇರೆಯವರು ಸೈಟ್ ತೆರೆದಾರು. ನಾಲ್ಕು ‘ಎ’ ರೆಕಾರ್ಡ್ ಬೇಕು: 185.199.108.153ರಿಂದ ಶುರು, ಮೂರನೇ ಸಂಖ್ಯೆ 109, 110, 111 ಆಗುತ್ತಾ ಹೋಗುತ್ತದೆ. ಡೊಮೇನ್ ಮಾರಿದವರು ಮೊದಲೇ ಹಾಕಿಟ್ಟ ‘ಎ’ ರೆಕಾರ್ಡ್ ಇದ್ದರೆ ಅಳಿಸಿ. ಹೆಚ್ಚಿನ ತಲೆನೋವು ಅದರದ್ದೇ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ಗೆ ಸಿನೇಮ್ ರೆಕಾರ್ಡ್ ಸಾಕು. ಬದಲಾವಣೆ ಹರಡಲು 24 ಗಂಟೆ ಹಿಡಿದೀತು, ಗಳಿಗೆಗೊಮ್ಮೆ ಕೆದಕಬೇಡಿ. ಕೊನೆಗೆ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿ.

ಸೈಟ್ ಯಾರೇ ಕಟ್ಟಿಕೊಡಲಿ, ಡೊಮೇನ್ ನೋಂದಣಿ ಮಾತ್ರ ನಿಮ್ಮ ಇಮೇಲ್‌ನಲ್ಲೇ ಇರಲಿ, ನವೀಕರಣದ ತಾರೀಖು ಮರೆಯಬೇಡಿ.