ಎಂಜಿನ್ನಿಗೆ ಯಾವ ಗಾಳಿ: ಕೋಲ್ಡ್ ಏರ್ ಇನ್‌ಟೇಕೋ, ಶಾರ್ಟ್ ರ್ಯಾಮೋ?

ಹೊರಗಿನ ಗಾಳಿಯನ್ನು ಸೋಸಿ ಕಾರಿನ ಎಂಜಿನ್ನಿಗೆ ತಲುಪಿಸುವ ಫಿಲ್ಟರ್ ಮತ್ತು ಕೊಳವೆಗಳ ವ್ಯವಸ್ಥೆಯೇ ಇನ್‌ಟೇಕ್. ಕಂಪನಿಯ ಇನ್‌ಟೇಕನ್ನು ತೆಗೆದು ಹಾಕಿಸುವ ಬದಲಿ ಸಾಧನಗಳಲ್ಲಿ ಎರಡು ಬಗೆಗಳುಂಟು: ಗಿಡ್ಡ ಕೊಳವೆಯ ತುದಿಯ ಫಿಲ್ಟರನ್ನು ಬಾನೆಟ್ಟಿನೊಳಗೇ ಕೂರಿಸುವುದು ಶಾರ್ಟ್ ರ್ಯಾಮ್, ಉದ್ದ ಕೊಳವೆಯ ಮೂಲಕ ಫಿಲ್ಟರನ್ನು ಬಿಸಿಯಿಂದ ದೂರ, ಸಾಮಾನ್ಯವಾಗಿ ಬಂಪರಿನ ಹಿಂಬದಿಗೆ ಒಯ್ಯುವುದು ಕೋಲ್ಡ್ ಏರ್ ಇನ್‌ಟೇಕ್. ಕೊಳ್ಳುವವರು ಬಹುಮಟ್ಟಿಗೆ ಬೆಲೆಯನ್ನೂ ಆಕ್ಸಿಲರೇಟರ್ ತುಳಿದಾಗ ಕೇಳುವ ಸದ್ದನ್ನೂ ನೋಡುತ್ತಾರೆಯೇ ಹೊರತು, ಒಳಹೋಗುವ ಗಾಳಿಯ ಬಿಸಿ ಎಷ್ಟು, ಫಿಲ್ಟರ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆಯುವುದಿಲ್ಲ.

ಹಂತ 1: ಬಿಸಿಯನ್ನು ಅಳೆಯುವುದು

ತಂಪಾದ ಗಾಳಿ ಹೆಚ್ಚು ಸಾಂದ್ರವಾದ್ದರಿಂದ ಅಷ್ಟೇ ಗಾತ್ರದಲ್ಲಿ ಹೆಚ್ಚು ಆಮ್ಲಜನಕವನ್ನು ಒಯ್ಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಗಿಂತ 60 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇ 9ರಷ್ಟು ಕಡಿಮೆ. ಡ್ಯಾಶ್‌ಬೋರ್ಡಿನ ಕೆಳಗಿನ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಜೋಡಿಸಿ, ಹೆದ್ದಾರಿಯಲ್ಲೂ ಸಿಗ್ನಲ್ಲುಗಳ ದಟ್ಟಣೆಯಲ್ಲೂ ಇನ್‌ಟೇಕ್ ಗಾಳಿಯ ಉಷ್ಣತೆಯನ್ನು ಪಕ್ಕದಲ್ಲಿ ಕುಳಿತವರಿಂದ ಓದಿಸಬೇಕು. ಓಡುವಾಗ ಅದು ಹೊರಗಿನ ಉಷ್ಣತೆಗೆ ಹತ್ತಿರವಿದ್ದರೆ, ಕಂಪನಿಯ ಇನ್‌ಟೇಕೇ ಗ್ರಿಲ್ಲಿನ ಕಡೆಯಿಂದ ತಂಪು ಗಾಳಿಯನ್ನು ಎಳೆಯುತ್ತಿದೆ ಎಂದರ್ಥ. ಅಂಥ ಕಾರಿಗೆ ಶಾರ್ಟ್ ರ್ಯಾಮ್ ಹಾಕಿಸುವುದು ಹಣ ಕೊಟ್ಟು ಬಿಸಿ ಗಾಳಿಯನ್ನು ಕೊಂಡಂತೆ. ಟರ್ಬೊ ಎಂಜಿನ್ನುಗಳಲ್ಲಿ ಒತ್ತಿದ ಗಾಳಿಯನ್ನು ಇಂಟರ್‌ಕೂಲರ್ ಮತ್ತೆ ತಣಿಸುವುದರಿಂದ ಎರಡು ಬಗೆಗಳ ಅಂತರ ಕುಗ್ಗುತ್ತದೆ.

ಹಂತ 2: ನೀರಿನ ಮಟ್ಟವನ್ನು ಯೋಚಿಸುವುದು

ಅತಿ ದುಬಾರಿ ತಪ್ಪು ನಡೆಯುವುದು ಇಲ್ಲಿಯೇ. ಗಾಳಿಯ ಹಾಗಲ್ಲದೆ ನೀರು ಒತ್ತಡಕ್ಕೆ ಕುಗ್ಗದ ಕಾರಣ, ಫಿಲ್ಟರಿನ ಮೂಲಕ ಸಿಲಿಂಡರಿಗೆ ನುಗ್ಗಿದ ನೀರು ಮೇಲೇರುವ ಪಿಸ್ಟನ್ನನ್ನು ತಡೆದು, ಅದನ್ನು ಹೊತ್ತ ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತದೆ. ಇದಕ್ಕೆ ಹೈಡ್ರೋಲಾಕ್ ಎಂದು ಹೆಸರು. ಬಂಪರಿನ ತಳಕ್ಕೆ ಇಳಿಬಿಟ್ಟ ಫಿಲ್ಟರ್ ಮುಳುಗಲು, ಮಳೆಗಾಲದಲ್ಲಿ ಬೆಂಗಳೂರಿನ ಅಂಡರ್‌ಪಾಸುಗಳಲ್ಲಿ ನಿಲ್ಲುವಷ್ಟು ನೀರೇ ಸಾಕು, ಎದುರಿನಿಂದ ಬರುವ ಬಸ್ಸು ಎಬ್ಬಿಸುವ ಅಲೆಯೂ ಸಾಕು. ಫಿಲ್ಟರಿಗೆ ತೊಡಿಸುವ ನೀರುನಿರೋಧಕ ಬಟ್ಟೆ ಸಿಡಿಯುವ ಹನಿಗಳನ್ನಷ್ಟೇ ತಡೆಯುತ್ತದೆ. ಮುಳುಗಿದಾಗ ಬೇರೆಡೆಯಿಂದ ಗಾಳಿ ತರುವ ಬೈಪಾಸ್ ವಾಲ್ವ್ ಕೊಂಚ ನೆರವಾದರೂ ಅದನ್ನು ಪೂರ್ಣ ರಕ್ಷಣೆಯೆಂದು ನಂಬುವಂತಿಲ್ಲ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸದೆ ಕಾರನ್ನು ಎಳೆಸಿಕೊಂಡು ಹೋಗಿ, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೀರನ್ನು ಹೊರಹಾಕಿಸಬೇಕು. ಉಳಿಯಬಹುದಾಗಿದ್ದ ಎಷ್ಟೋ ಎಂಜಿನ್ನುಗಳು ಕೆಡುವುದು ಮತ್ತೆ ಸ್ಟಾರ್ಟ್ ಮಾಡುವ ಈ ಎರಡನೆಯ ಯತ್ನದಿಂದ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವಿಲ್ಲದ ಸಾಮಾನ್ಯ ವಿಮೆ ಇಂಥ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಆದುದರಿಂದ ನೀರು ನಿಲ್ಲುವ ದಾರಿಯಲ್ಲಿ ನಿತ್ಯ ಓಡಾಡುವವರಿಗೆ ತಗ್ಗಿನ ಕೋಲ್ಡ್ ಏರ್ ಇನ್‌ಟೇಕ್ ಸಲ್ಲದು. ಒಣ ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ಅದು ಹೊಂದೀತು. ಸುಲಭ ಜೋಡಣೆ, ಕಡಿಮೆ ಬೆಲೆ ಮತ್ತು ಎತ್ತರದಲ್ಲಿರುವ ಫಿಲ್ಟರ್ ಬೇಕೆನ್ನುವವರು ಶಾರ್ಟ್ ರ್ಯಾಮನ್ನು ಆರಿಸಬಹುದಾದರೂ, ಎಂಜಿನ್ನಿನ ಬಿಸಿಯನ್ನು ಮರೆಮಾಡುವ ತಗಡಿನ ತಡೆ ಅದರ ಜೊತೆಗೆ ಇರಲೇಬೇಕು.

ಹಂತ 3: ಜೋಡಣೆ ಮತ್ತು ಕಾನೂನು

ಕಾಯಿಸಿದ ತಂತಿಯಿಂದ ಗಾಳಿಯ ಪ್ರಮಾಣವನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದ್ದಲ್ಲಿ, ಆ ಜಾಗದ ಕೊಳವೆಯ ಒಳವ್ಯಾಸ ಮೊದಲಿನಷ್ಟೇ ಇರಬೇಕು. ಇಲ್ಲವಾದರೆ ಇಂಧನದ ಲೆಕ್ಕ ತಪ್ಪುತ್ತದೆ. ಎಣ್ಣೆ ಸವರುವ ಹತ್ತಿಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಅದು ಸೆನ್ಸರಿಗೆ ಅಂಟುತ್ತದೆ. ಎಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕಿಗೆ ಮರಳಿಸುವ ಬ್ರೀದರ್ ಪೈಪನ್ನು ಮತ್ತೆ ಜೋಡಿಸಬೇಕು, ಕ್ಲಾಂಪುಗಳನ್ನು ಬಿಗಿಮಾಡಬೇಕು. ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುವುದರಿಂದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸುವುದು ಕ್ಷೇಮ. ವಾರಂಟಿ ಮುಗಿಯದ ಕಾರಿಗೆ ಎರಡೂ ಬೇಡ. ಕಂಪನಿಯ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು.