ವ್ಯಾಪಾರಿಯ ಕಾಗದಪತ್ರಗಳಲ್ಲಿ ‘ಫಿಸಿಕಲ್’ ಎಂಬ ಪದ

ಕೊಳ್ಳೇಗಾಲದ ಒಬ್ಬ ರೇಷ್ಮೆ ಸೀರೆ ತಯಾರಕರ ಮೇಜಿನ ಮೇಲೆ ವರ್ಷವಿಡೀ ಬಂದು ಸೇರುವ ಇಂಗ್ಲಿಷ್ ಕಾಗದಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ವಿಶೇಷಣ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಲೆಕ್ಕಪರಿಶೋಧಕರ ಪತ್ರದಲ್ಲಿ ‘ಫಿಸಿಕಲ್ ಸ್ಟಾಕ್’, ತೆರಿಗೆ ಇಲಾಖೆಯ ಸೂಚನೆಯಲ್ಲಿ ‘ಫಿಸಿಕಲ್ ವೆರಿಫಿಕೇಷನ್’, ನೂಲಿನ ಪರೀಕ್ಷಾ ವರದಿಯಲ್ಲಿ ‘ಫಿಸಿಕಲ್ ಪ್ರಾಪರ್ಟೀಸ್’, ಬ್ಯಾಂಕಿನ ನೋಟೀಸಿನಲ್ಲಿ ‘ಫಿಸಿಕಲ್ ಪೊಸೆಷನ್’. ನಾಲ್ಕೂ ಕಡೆ ಪದ ಒಂದೇ ಆದರೂ ಅರ್ಥ ಒಂದೇ ಅಲ್ಲ. ನಿಘಂಟಿನಲ್ಲಿ ‘ಭೌತಿಕ, ದೈಹಿಕ’ ಎಂದು ಓದಿ ಪುಸ್ತಕ ಮುಚ್ಚಿದವರಿಗೆ ಬ್ಯಾಂಕಿನ ನೋಟೀಸಿನ ಗಾಂಭೀರ್ಯ ತಿಳಿಯುವುದು ಕಷ್ಟ.

ಈ ಪದದ ಮೂಲ ಗ್ರೀಕ್ ಭಾಷೆಯ ‘ಫ್ಯೂಸಿಸ್’, ಅಂದರೆ ಪ್ರಕೃತಿ. ದೇಹದ ಪ್ರಕೃತಿಯನ್ನು ಬಲ್ಲ ವೈದ್ಯ ‘ಫಿಸಿಷಿಯನ್’ ಎನಿಸಿಕೊಂಡರೆ, ವಸ್ತುಪ್ರಪಂಚದ ಪ್ರಕೃತಿಯನ್ನು ಅರಸುವ ವಿಜ್ಞಾನಿ ‘ಫಿಸಿಸಿಸ್ಟ್’ ಎನಿಸಿಕೊಂಡನು. ಹೀಗೆ ಒಂದೇ ಬೇರಿನಿಂದ ದೇಹ ಮತ್ತು ವಸ್ತು ಎಂಬ ಎರಡು ಕವಲುಗಳು ಹೊರಟಿವೆ. ಇಂಗ್ಲಿಷಿನವರು ಎರಡಕ್ಕೂ ಒಂದೇ ವಿಶೇಷಣವನ್ನು ಉಳಿಸಿಕೊಂಡರು. ಕನ್ನಡದಲ್ಲಿ ದೇಹದಿಂದ ‘ದೈಹಿಕ’, ಶರೀರದಿಂದ ‘ಶಾರೀರಿಕ’, ಪಂಚಭೂತಗಳ ಭೂತದಿಂದ ‘ಭೌತಿಕ’ ಎಂದು ಬೇರೆ ಬೇರೆ ಪದಗಳಿವೆ. ಈ ಒಂದು ವಿಷಯದಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟವಾಗಿದೆಯೆಂದು ಹೇಳಬಹುದು.

ಈ ಪದದ ಅರ್ಥವನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ. ‘ಫಿಸಿಕಲ್’ ಎಂದಾಗಲೆಲ್ಲ ಅದು ಯಾವುದಕ್ಕೆ ಪ್ರತಿಯಾಗಿ ನಿಂತಿದೆ ಎಂದು ಕೇಳಿಕೊಳ್ಳಬೇಕು. ವೈದ್ಯರ ಕಾಗದದಲ್ಲಿ ಅದು ಮಾನಸಿಕಕ್ಕೆ ಪ್ರತಿ, ಪ್ರಯೋಗಶಾಲೆಯಲ್ಲಿ ರಾಸಾಯನಿಕಕ್ಕೆ, ಗೋದಾಮಿನಲ್ಲಿ ಪುಸ್ತಕದ ಲೆಕ್ಕಕ್ಕೆ, ಗಣಕಯಂತ್ರದ ಕಾಲದಲ್ಲಿ ವಿದ್ಯುನ್ಮಾನ ರೂಪಕ್ಕೆ, ಸರ್ಕಾರಿ ಕಾಮಗಾರಿಯಲ್ಲಿ ಖರ್ಚಾದ ಹಣಕ್ಕೆ, ಸಾಲ ವಸೂಲಿಯ ಕಾನೂನಿನಲ್ಲಿ ಸಾಂಕೇತಿಕಕ್ಕೆ ಪ್ರತಿ. ಕಾಮಗಾರಿಯ ವರದಿಯಲ್ಲಿ ಹಣದ ಪ್ರಗತಿ ನೂರಕ್ಕೆ ಎಂಬತ್ತಾಗಿ ಭೌತಿಕ ಪ್ರಗತಿ ನೂರಕ್ಕೆ ನಲವತ್ತಾಗಿದ್ದರೆ, ಹಣ ಹೋಗಿದೆ, ಕಟ್ಟಡ ಮೇಲೇಳಲಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದೇಹಕ್ಕೆ ಸಂಬಂಧಿಸಿದ ಬಳಕೆಯಲ್ಲಿ ತೊಡಕು ಕಡಿಮೆ. ಯಳಂದೂರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿಯ ಕೆಲಸ ‘ಫಿಸಿಕಲ್ ಲೇಬರ್’. ಚಾಲಕನನ್ನು ನೇಮಿಸಿಕೊಳ್ಳುವಾಗ ಕೇಳುವುದು ‘ಫಿಸಿಕಲ್ ಫಿಟ್‌ನೆಸ್’ ಪ್ರಮಾಣಪತ್ರ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಹಳೆಯ ಅರ್ಜಿ ನಮೂನೆಗಳಲ್ಲಿ ಕಾಣುವ ‘ಫಿಸಿಕಲಿ ಹ್ಯಾಂಡಿಕ್ಯಾಪ್ಡ್’ ಎಂಬ ಮಾತನ್ನು ಈಗ ಬಳಸಬಾರದು. 2016ರ ಕಾಯಿದೆಯಲ್ಲಿರುವುದು ‘ಪರ್ಸನ್ಸ್ ವಿತ್ ಡಿಸೆಬಿಲಿಟೀಸ್’ ಎಂಬ ಪ್ರಯೋಗ. ಮತ್ತೊಂದು, ‘ಗೆಟ್ ಫಿಸಿಕಲ್’ ಎಂದರೆ ಇಂಗ್ಲಿಷರ ಕಿವಿಗೆ ಕೈ ಮಿಲಾಯಿಸುವುದು ಅಥವಾ ಮೈ ಮೇಲೆ ಬೀಳುವುದು ಎಂದೇ ಕೇಳಿಸುತ್ತದೆ. ‘ಖುದ್ದಾಗಿ ಬಂದು ಮಾತನಾಡುತ್ತೇವೆ’ ಎಂದು ಪರದೇಶದ ಗಿರಾಕಿಗೆ ಬರೆಯಬೇಕಾದವರು ಈ ಪದದ ಗೊಡವೆಗೆ ಹೋಗದೆ ‘ಇನ್ ಪರ್ಸನ್’ ಎಂದು ಬರೆಯುವುದು ಕ್ಷೇಮ.

ವಸ್ತುವಿನ ವಿಷಯಕ್ಕೆ ಬಂದರೆ ರೇಷ್ಮೆಗಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಸಿಗಲಾರದು. ಕಚ್ಚಾ ರೇಷ್ಮೆ ನೂಲಿನ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. ದಪ್ಪ, ಎಳೆತಕ್ಕೆ ತಡೆಯುವ ಬಲ, ಹಿಗ್ಗುವ ಗುಣ, ತೇವ ಹೀರುವ ಗುಣ ಇವೆಲ್ಲ ನೂಲಿನ ಭೌತಿಕ ಗುಣಗಳು. ಇವನ್ನು ಅಳೆದರೂ ರೇಷ್ಮೆ ರೇಷ್ಮೆಯಾಗಿಯೇ ಉಳಿಯುತ್ತದೆ. ಸಾಬೂನು, ಸೋಡಾಗಳಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೆಗೆದಾಗ ನೂಲಿನ ತೂಕದಲ್ಲಿ ನೂರಕ್ಕೆ ಸುಮಾರು 20ರಿಂದ 30 ಭಾಗ ಕಳೆದುಹೋಗುತ್ತದೆ. ಅದು ರಾಸಾಯನಿಕ ಸಂಸ್ಕರಣೆಗೆ ಸೇರಿದ್ದು. ಆ ತೂಕ ಮರಳಿ ಬರುವುದಿಲ್ಲ. ತೇವದಿಂದ ಏರಿಳಿಯುವ ತೂಕವಾದರೋ ಹವೆಯೊಡನೆ ಬಂದು ಹವೆಯೊಡನೆ ಹೋಗುತ್ತದೆ.

ಈ ತೇವದ ತೂಕದಲ್ಲಿಯೇ ವ್ಯಾಪಾರಿಯ ಲಾಭನಷ್ಟ ಅಡಗಿದೆ. ಕಚ್ಚಾ ರೇಷ್ಮೆಗೆ ವ್ಯಾಪಾರದಲ್ಲಿ ಒಪ್ಪಿತವಾದ ತೇವಾಂಶ, ಪೂರ್ಣ ಒಣಗಿಸಿದ ತೂಕದ ಮೇಲೆ ನೂರಕ್ಕೆ 11. ಪೂರ್ಣ ಒಣಗಿದಾಗ 100 ಕಿಲೋ ತೂಗುವ ನೂಲು ವ್ಯಾಪಾರದ ಲೆಕ್ಕಕ್ಕೆ 111 ಕಿಲೋ. ಮಳೆಗಾಲದಲ್ಲಿ ಅದೇ ನೂಲು ತಕ್ಕಡಿಯಲ್ಲಿ 115 ಕಿಲೋ ತೂಗಿದರೆ, ಒಪ್ಪಂದದಲ್ಲಿ ತೇವದ ಮಾತೇ ಇಲ್ಲದಿದ್ದಾಗ, ಕೊಂಡವರು 4 ಕಿಲೋ ನೀರಿಗೆ ರೇಷ್ಮೆಯ ಬೆಲೆ ತೆರುತ್ತಾರೆ. ಲೆಕ್ಕಕ್ಕಾಗಿ ಕಿಲೋಗೆ 5,000 ರೂ. ಎಂದು ಹಿಡಿದರೂ ಇದು 20,000 ರೂಪಾಯಿಯ ಮಾತು. ಮಾಂಬಳ್ಳಿಯಿಂದಲೋ ರಾಮನಗರದಿಂದಲೋ ನೂಲು ತರಿಸುವವರು ತಕ್ಕಡಿಯ ತೂಕ ಮತ್ತು ತೇವ ಸರಿದೂಗಿಸಿದ ತೂಕ, ಈ ಎರಡರಲ್ಲಿ ಯಾವುದರ ಮೇಲೆ ಬಿಲ್ಲು ಎಂಬುದನ್ನು ಮೊದಲೇ ಬರೆಯಿಸಿಕೊಳ್ಳಬೇಕು. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ‘ಕಂಡಿಷನ್ಡ್ ವೇಯ್ಟ್’ ಎನ್ನುತ್ತಾರೆ.

ಹನೂರು ಭಾಗದ ಬೀಜದಂಗಡಿಗಳಲ್ಲಿ ಇದೇ ಪದ ಇನ್ನೊಂದು ವೇಷದಲ್ಲಿ ಬರುತ್ತದೆ. ಬೀಜದ ಚೀಲದ ಚೀಟಿಯಲ್ಲಿ ‘ಫಿಸಿಕಲ್ ಪ್ಯೂರಿಟಿ’ ಎಂಬ ಸಾಲಿರುತ್ತದೆ. ಭತ್ತಕ್ಕೂ ಮುಸುಕಿನ ಜೋಳಕ್ಕೂ ಇದು ಕನಿಷ್ಠ ನೂರಕ್ಕೆ 98 ಇರಬೇಕು. ಇದರ ಅರ್ಥ ಚೀಲದಲ್ಲಿ ಕಲ್ಲು, ಮಣ್ಣು, ಹೊಟ್ಟು, ಇತರ ಬೀಜಗಳು ಎರಡು ಭಾಗಕ್ಕಿಂತ ಹೆಚ್ಚಿಲ್ಲ ಎಂದಷ್ಟೆ. ನೂರಕ್ಕೆ 98 ಬೀಜ ಮೊಳೆಯುತ್ತವೆ ಎಂದಲ್ಲ. ಮೊಳಕೆಯ ಪ್ರಮಾಣ ಬೇರೆ ಸಾಲಿನಲ್ಲಿರುತ್ತದೆ, ಭತ್ತಕ್ಕೆ ಅದು ಕನಿಷ್ಠ 80. ತಳಿಯ ಶುದ್ಧತೆ ಮೂರನೆಯ ಸಾಲು. ರೈತನು ಕೇಳಿದಾಗ ಅಂಗಡಿಯವರು 98ರ ಸಾಲನ್ನು ತೋರಿಸಿ ‘ಎಲ್ಲಾ ಹುಟ್ಟುತ್ತೆ’ ಎಂದುಬಿಟ್ಟರೆ, ತಾವು ಕೊಡದ ಭರವಸೆಗೆ ತಾವೇ ಹೊಣೆಯಾಗುತ್ತಾರೆ.

ಈಗ ಗೋದಾಮಿನ ವಿಷಯ. ಪುಸ್ತಕದ ದಾಸ್ತಾನು ಎಂದರೆ ಖರೀದಿಯಿಂದ ಮಾರಾಟವನ್ನು ಕಳೆದು ಉಳಿಯಬೇಕಾದದ್ದು. ಭೌತಿಕ ದಾಸ್ತಾನು ಎಂದರೆ ಬಾಗಿಲು ತೆರೆದು ಎಣಿಸಿದಾಗ, ತೂಗಿದಾಗ ಸಿಕ್ಕಿದ್ದು. ಮಳೆಗಾಲದಲ್ಲಿ 115 ಕಿಲೋ ಎಂದು ಪುಸ್ತಕಕ್ಕೆ ಹತ್ತಿದ ನೂಲು ಬೇಸಿಗೆಯಲ್ಲಿ 109 ತೂಗಿದರೆ ಯಾರೂ ಕದ್ದಿರಬೇಕಾಗಿಲ್ಲ. ಕಟಾವಿನ ಬಿಸಿಯಲ್ಲಿ ಕೊಂಡ ಮುಸುಕಿನ ಜೋಳಕ್ಕೂ ಇದೇ ಗತಿ. ಆದರೆ ಕಾರಣವನ್ನು ಆಗಲೇ ಬರೆದಿಡದಿದ್ದರೆ ತೆರಿಗೆ ಅಧಿಕಾರಿಯ ಕಣ್ಣಿಗೆ ಆ 6 ಕಿಲೋ ಬಿಲ್ಲಿಲ್ಲದೆ ಮಾರಿದ ಮಾಲಾಗಿ ಕಾಣಬಹುದು. ಬ್ಯಾಂಕಿನವರ ಕಣ್ಣಿಗೆ ತಿಂಗಳ ದಾಸ್ತಾನು ಪಟ್ಟಿಯಲ್ಲಿ ಹೇಳಿದ ಸುಳ್ಳಾಗಿ ಕಾಣಬಹುದು. ಕಂಪನಿಗಳ ಲೆಕ್ಕಪರಿಶೋಧನೆಗೆ ಅನ್ವಯಿಸುವ 2020ರ ಆದೇಶದ ಪ್ರಕಾರ ಒಂದು ವರ್ಗದ ದಾಸ್ತಾನಿನಲ್ಲಿ ಒಟ್ಟಾರೆ ನೂರಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡುಬಂದಿದ್ದರೆ, ಅದನ್ನು ಲೆಕ್ಕದಲ್ಲಿ ಸರಿಪಡಿಸಲಾಗಿದೆಯೇ ಎಂಬುದನ್ನು ಪರಿಶೋಧಕರು ವರದಿ ಮಾಡಲೇಬೇಕು. ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಈ ಆದೇಶ ಅನ್ವಯಿಸದು. ಎಣಿಸುವ ಅಭ್ಯಾಸವನ್ನು ಮಾತ್ರ ಅವರೂ ಇಟ್ಟುಕೊಳ್ಳಬಹುದು.

ಜಿ.ಎಸ್.ಟಿ. ನಿಯಮಗಳಲ್ಲಿ ಈ ಪದ ಎರಡು ಮುಖ್ಯ ಸ್ಥಳಗಳಲ್ಲಿದೆ. 25ನೆಯ ನಿಯಮ ವ್ಯಾಪಾರಸ್ಥಳದ ಭೌತಿಕ ಪರಿಶೀಲನೆಗೆ ಸಂಬಂಧಿಸಿದ್ದು. ಅಧಿಕಾರಿ ಬಂದು ನೋಡಿ, ಛಾಯಾಚಿತ್ರ ಸಹಿತ ವರದಿಯನ್ನು 15 ಕೆಲಸದ ದಿನಗಳೊಳಗೆ ದಾಖಲಿಸಬೇಕು. ಪರಿಶೀಲನೆ ನೋಂದಾಯಿತರ ಸಮಕ್ಷಮದಲ್ಲಿಯೇ ಆಗಬೇಕೆಂಬ ಷರತ್ತನ್ನು 2023ರಲ್ಲಿ ತೆಗೆದುಹಾಕಲಾಯಿತು. ಆದುದರಿಂದ ಮಾಲೀಕರು ಮಾದಪ್ಪನ ಬೆಟ್ಟಕ್ಕೆ ಹೋಗಿದ್ದ ದಿನವೂ ಪರಿಶೀಲನೆ ನಡೆಯಬಹುದು. ಅಂಗಡಿಯ ಹೆಸರಿನ ಫಲಕದಲ್ಲಿ ನೋಂದಣಿ ಸಂಖ್ಯೆ, ಒಳಗೆ ಕಾಣುವಂತೆ ನೋಂದಣಿ ಪತ್ರ ಇವೆರಡೂ ಸದಾ ಇರಬೇಕು.

ಇನ್ನೊಂದು ಸ್ಥಳ ರಸ್ತೆ. ಪಾಲಾರ್ ಮಾರ್ಗವಾಗಿ ಮೆಟ್ಟೂರಿನ ಕಡೆಗೆ ಹೋಗುವ ಲಾರಿಯ ಮಾಲನ್ನು ಒಂದು ಕಡೆ ಭೌತಿಕವಾಗಿ ಪರಿಶೀಲಿಸಿದ ಮೇಲೆ, ತೆರಿಗೆ ತಪ್ಪಿಸಿದ ಬಗ್ಗೆ ನಿರ್ದಿಷ್ಟ ಮಾಹಿತಿ ಅನಂತರ ಬಂದ ಹೊರತು, ಅದೇ ವಾಹನವನ್ನು ಮತ್ತೆ ಹಾಗೆ ಪರಿಶೀಲಿಸುವಂತಿಲ್ಲ ಎಂದು 138-ಸಿ ನಿಯಮ ಹೇಳುತ್ತದೆ. ಮೂವತ್ತು ನಿಮಿಷಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದರೆ ಅದನ್ನು ಇ-ವೇ ಬಿಲ್ ಜಾಲದಲ್ಲಿ ದಾಖಲಿಸುವ ಅವಕಾಶವೂ ಸಾಗಣೆದಾರರಿಗೆ ಇದೆ. ಇಲ್ಲಿ ಕಾಗದ ನೋಡುವುದು ಬೇರೆ, ತಾಡಪಾಲು ಬಿಚ್ಚಿ ಮಾಲು ನೋಡುವುದು ಬೇರೆ ಎಂಬ ಭೇದವನ್ನು ಚಾಲಕರಿಗೂ ತಿಳಿಸಿಕೊಡುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚಿನ ಗಮನ ಬೇಡುವುದು ‘ಫಿಸಿಕಲ್ ಪೊಸೆಷನ್’. ಮಗ್ಗದ ಮನೆಯನ್ನೋ ಕಾರ್ಖಾನೆಯ ಶೆಡ್ಡನ್ನೋ ಅಡಮಾನವಿಟ್ಟು ಸಾಲ ತೆಗೆದವರು ಕಂತು ಕಟ್ಟಲಾಗದೆ ಖಾತೆ ಕೆಟ್ಟಾಗ, 2002ರ ಸರ್ಫೇಸಿ ಕಾಯಿದೆಯ ಮೇರೆಗೆ ಬ್ಯಾಂಕು ಮೊದಲು 60 ದಿನಗಳ ನೋಟೀಸು ಕೊಡುತ್ತದೆ. ಅದಕ್ಕೆ ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಗಡುವು ಮುಗಿದ ಮೇಲೆ ಬಾಗಿಲಿಗೆ ಒಂದು ಕಾಗದ ಅಂಟುತ್ತದೆ, ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಇದನ್ನು ‘ಸಿಂಬಾಲಿಕ್ ಪೊಸೆಷನ್’, ಅಂದರೆ ಸಾಂಕೇತಿಕ ಸ್ವಾಧೀನ ಎನ್ನುತ್ತಾರೆ. ಬೀಗದ ಕೈ ಮಾಲೀಕರ ಬಳಿಯೇ ಇರುತ್ತದೆ, ಮಗ್ಗವೂ ಆಡುತ್ತಿರುತ್ತದೆ. ಮುಂದೆ ಜಿಲ್ಲಾಧಿಕಾರಿಯ ಅಥವಾ ನ್ಯಾಯಾಧೀಶರ ನೆರವು ಪಡೆದು ಜನರನ್ನು ಹೊರಗೆ ಕಳುಹಿಸಿ ಬೀಗ ಹಾಕಿದಾಗ ಆಗುವುದೇ ‘ಫಿಸಿಕಲ್ ಪೊಸೆಷನ್’.

ಮಗ್ಗ ಆಡುತ್ತಿದೆ, ಹಾಗಾಗಿ ಇನ್ನೂ ಏನೂ ಆಗಿಲ್ಲ ಎಂದು ತಿಳಿಯುವುದೇ ಇಲ್ಲಿ ಅನೇಕರು ಮಾಡುವ ತಪ್ಪು. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಕಾಯಿದೆಯ 17ನೆಯ ಕಲಮು ಕೊಟ್ಟಿರುವ ಅವಧಿ 45 ದಿನ. ಬೀಗ ಬಿದ್ದ ಮೇಲೆಯೇ ಅಲ್ಲಿಗೆ ಹೋಗಬಹುದೆಂದು ಅಲಹಾಬಾದ್ ಉಚ್ಚ ನ್ಯಾಯಾಲಯ ಒಮ್ಮೆ ಹೇಳಿತ್ತು. ಹಿಂಡನ್ ಫೋರ್ಜ್ ಎಂಬ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ನವೆಂಬರಿನಲ್ಲಿ ಆ ತೀರ್ಪನ್ನು ಬದಿಗೆ ಸರಿಸಿ, ಸಾಂಕೇತಿಕ ಸ್ವಾಧೀನದ ನೋಟೀಸು ಬಂದಾಗಲೇ ಸಾಲಗಾರನು ನ್ಯಾಯಮಂಡಳಿಯ ಮೊರೆ ಹೋಗಬಹುದು, ಭೌತಿಕ ಸ್ವಾಧೀನಕ್ಕಾಗಿ ಕಾಯಬೇಕಿಲ್ಲ ಎಂದು ತೀರ್ಮಾನಿಸಿತು. ಇದು ಸಾಲಗಾರರಿಗೆ ಅನುಕೂಲವಾದ ತೀರ್ಪು. ಆದರೆ ದಿನಗಳ ಎಣಿಕೆ ಬಾಗಿಲಿಗೆ ಕಾಗದ ಅಂಟಿದಾಗಲೇ ಆರಂಭವಾಗುತ್ತದೆ ಎಂಬ ಎಚ್ಚರಿಕೆಯೂ ಅದರೊಳಗಿದೆ. 2016ರ ತಿದ್ದುಪಡಿಯ ನಂತರ ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಅವಕಾಶ ಹರಾಜಿನ ಪ್ರಕಟಣೆಯವರೆಗೆ ಮಾತ್ರ ಎಂಬುದನ್ನೂ ನೆನಪಿಡಬೇಕು. ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಈ ಕಾಯಿದೆ ಅನ್ವಯಿಸದು. ಹಿಪ್ಪುನೇರಳೆ ತೋಟವನ್ನು ಅಡವಿಟ್ಟವರಿಗೆ ಇದು ತಿಳಿದಿರಲಿ.

ಕನ್ನಡದ ಕ್ರಯಪತ್ರಗಳಲ್ಲಿ ‘ಸ್ವಾಧೀನಾನುಭವ’ ಎಂಬ ಸೊಗಸಾದ ಮಾತಿದೆ. ಬರಿಯ ಹಕ್ಕಲ್ಲ, ಅನುಭವಿಸುತ್ತಿರುವ ಸ್ವಾಧೀನ. ‘ಫಿಸಿಕಲ್ ಪೊಸೆಷನ್’ ಎಂಬುದಕ್ಕೆ ‘ಭೌತಿಕ ಸ್ವಾಧೀನ’ಕ್ಕಿಂತ ಇದೇ ಹೆಚ್ಚು ಹತ್ತಿರವಾದ ಪದವೆಂದು ತೋರುತ್ತದೆ.

ಉಳಿದ ಬಳಕೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಷೇರು ಪತ್ರಗಳ ಮಟ್ಟಿಗೆ ‘ಫಿಸಿಕಲ್ ಫಾರ್ಮ್’ ಎಂದರೆ ಕಾಗದದ ರೂಪ. ಪಟ್ಟಿಯಾದ ಕಂಪನಿಗಳ ಷೇರುಗಳನ್ನು 2019ರ ಏಪ್ರಿಲ್ 1ರಿಂದ ಆ ರೂಪದಲ್ಲಿ ಮಾರಿ ವರ್ಗಾಯಿಸುವಂತಿಲ್ಲ. ತಂದೆಯ ಕಾಲದ ಪತ್ರಗಳು ಬೀರುವಿನಲ್ಲಿದ್ದರೆ ಅವನ್ನು ವಿದ್ಯುನ್ಮಾನ ರೂಪಕ್ಕೆ ತರಬೇಕು. ಅರಿಶಿನದ ವಾಯಿದಾ ವ್ಯಾಪಾರದಲ್ಲಿ ‘ಫಿಸಿಕಲ್ ಡೆಲಿವರಿ’ ಎಂದರೆ ಕೊನೆಗೆ ಮೂಟೆಗಳನ್ನೇ ಒಪ್ಪಿಸುವುದು. ವ್ಯತ್ಯಾಸದ ಹಣ ಕೊಟ್ಟು ಕೈತೊಳೆದುಕೊಳ್ಳುವುದಲ್ಲ. ವಿಮೆಯ ಪತ್ರದಲ್ಲಿ ‘ಫಿಸಿಕಲ್ ಡ್ಯಾಮೇಜ್’ ಎಂದರೆ ವಸ್ತುವಿಗೇ ಆದ ಹಾನಿ. ಮಗ್ಗ ಸುಟ್ಟರೆ ಹಾನಿ. 2020ರಲ್ಲಿ ಆದಂತೆ ಸರ್ಕಾರದ ಆಜ್ಞೆಯಿಂದ ಮಗ್ಗ ನಿಂತರೆ ಅದು ನಷ್ಟವೇ ಹೊರತು ಈ ಅರ್ಥದ ಹಾನಿಯಲ್ಲ.

ಬರೆಯುವಾಗ ‘ಫಿಸಿಕಲ್’ ಮತ್ತು ‘ಮೆಟೀರಿಯಲ್’ ಇವೆರಡನ್ನು ಬೆರೆಸಬಾರದು. ‘ಮೆಟೀರಿಯಲ್ ಡಿಫರೆನ್ಸ್’ ಎಂದರೆ ಮಾಲಿನ ವ್ಯತ್ಯಾಸವಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದಷ್ಟು ದೊಡ್ಡ ವ್ಯತ್ಯಾಸ. ‘ದೇರ್ ಈಸ್ ಎ ಮೆಟೀರಿಯಲ್ ಡಿಫರೆನ್ಸ್ ಇನ್ ದ ಫಿಸಿಕಲ್ ಸ್ಟಾಕ್’ ಎಂದು ಬರೆದು ಸಹಿ ಹಾಕಿದವರು ಗಣನೀಯ ಕೊರತೆಯನ್ನು ತಾವೇ ಒಪ್ಪಿಕೊಂಡಂತಾಯಿತು. ವ್ಯತ್ಯಾಸ ತೇವದ್ದಾಗಿದ್ದರೆ ‘ದ ಡಿಫರೆನ್ಸ್ ಈಸ್ ಡ್ಯೂ ಟು ಲಾಸ್ ಆಫ್ ಮಾಯಿಶ್ಚರ್’ ಎಂದು ಬರೆದು, ಎರಡೂ ದಿನಗಳ ತೂಕದ ಚೀಟಿಗಳನ್ನು ಲಗತ್ತಿಸಿದರೆ ಸಾಕು.