ಅಂಗಿ ಗುಂಡಿ ಹಾಕಲೂ ಆಗದಿದ್ದರೆ

ಪ್ರಶ್ನೆ: ತಂದೆಗೆ 64 ವರ್ಷ. 2006ರಿಂದ ಎಚ್‌ಐವಿಗೆ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಎಚ್‌ಐವಿ ಹತೋಟಿಯಲ್ಲಿದೆ. ಆದರೆ ಪಾದ ಜೋಮು ಹಿಡಿಯುತ್ತದೆ, ಗುಂಡಿ ಹಾಕಲು ಬೆರಳು ಕೇಳುವುದಿಲ್ಲ, ಮಾತ್ರೆಯೂ ಮರೆಯುತ್ತದೆ. ಏನು ಮಾಡಬೇಕು?

ಉತ್ತರ: ವೈರಸ್ ಹತೋಟಿಗೆ ಬಂದರೂ ನರಗಳಿಗಾದ ಹಳೆಯ ಹಾನಿ ಉಳಿದಿರಬಹುದು. ಭಾರತದಲ್ಲಿ ಉಚಿತ ಎಆರ್‌ಟಿ ಆರಂಭವಾದದ್ದು 2004ರಲ್ಲಿ. ಆಗ ಅನೇಕರಿಗೆ ಸಿಗುತ್ತಿದ್ದ ಸ್ಟಾವುಡಿನ್ ಎಂಬ ಮಾತ್ರೆ ನರಗಳನ್ನು ಘಾಸಿಗೊಳಿಸುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಕೈಬಿಡಲು ಸೂಚಿಸಿತು. ಸಕ್ಕರೆ ಕಾಯಿಲೆ, ಬಿ12 ಕೊರತೆಯಿಂದಲೂ ಜೋಮು ಬರುತ್ತದೆ. ಮರೆವಿನ ಹಿಂದೆ ಥೈರಾಯ್ಡ್ ತೊಂದರೆ ಅಥವಾ ಖಿನ್ನತೆ ಇರಬಹುದು. ಆದ್ದರಿಂದ ಮೊದಲು ಎಆರ್‌ಟಿ ಕೇಂದ್ರದ ವೈದ್ಯರಿಂದ ತಪಾಸಣೆ ಆಗಲಿ.

ಮುಂದಿನ ಹೆಜ್ಜೆ ಆಕ್ಯುಪೇಷನಲ್ ಥೆರಪಿ.

ತಂದೆ ಸ್ನಾನ ಮಾಡುವ, ಉಡುಪು ತೊಡುವ, ಊಟ ಮಾಡುವ ರೀತಿಯನ್ನು ಥೆರಪಿಸ್ಟ್ ಗಮನಿಸಿ, ಕೆಲಸವನ್ನೇ ಸುಲಭಗೊಳಿಸುತ್ತಾರೆ. ಗುಂಡಿಯ ಜಾಗದಲ್ಲಿ ವೆಲ್ಕ್ರೋ, ದಪ್ಪ ಹಿಡಿಯ ಚಮಚ, ಬಚ್ಚಲಲ್ಲಿ ಹಿಡಿಕಂಬಿ ಮತ್ತು ಕೂರಲು ಸ್ಟೂಲು. ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯದು. ನೀರನ್ನು ಮೊಣಕೈಯಿಂದ ಮುಟ್ಟಿ ನೋಡಬೇಕು, ಬರಿಗಾಲಲ್ಲಿ ನಡೆಯಬಾರದು. ವಾರದ ಏಳು ಖಾನೆಯ ಡಬ್ಬಿಯಲ್ಲಿ ಮಾತ್ರೆ ಜೋಡಿಸಿ, ಕಾಫಿ ಲೋಟದ ಪಕ್ಕದಲ್ಲೇ ಇಟ್ಟರೆ ನೆನಪಿಗೆ ಆಸರೆ. ಬೇಗ ದಣಿಯುವುದಾದರೆ ದಿನದ ಕೆಲಸವನ್ನು ಬೆಳಿಗ್ಗೆ, ಸಂಜೆ ಹಂಚಿಕೊಳ್ಳಬಹುದು.

ಈ ಥೆರಪಿಗಾಗಿ ದೊಡ್ಡ ಆಸ್ಪತ್ರೆಗಳ ಪುನರ್ವಸತಿ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ. ಆಸ್ಪತ್ರೆಯಲ್ಲಿ ಭೇದಭಾವ ಮಾಡಿಯಾರೆಂಬ ಅಳುಕಿದ್ದರೆ, 2017ರ ಎಚ್‌ಐವಿ ಕಾಯ್ದೆ ಚಿಕಿತ್ಸೆಯಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಮಾಹಿತಿಗೆ ಉಚಿತ ಸಹಾಯವಾಣಿ 1097.